ಪೆಟ್ಟಿಗೆ ಬದಲಿಸುವ ಮುನ್ನ ಪುರಾವೆ ಕೇಳಿ

ಬಣ್ಣಾರಿಯಿಂದ ದಿಂಬಂವರೆಗಿನ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಬಯಲ ಬಿಸಿಲಿನಿಂದ ಹೊರಟ ವಾಹನ ಸುಮಾರು 1,100 ಮೀಟರ್ ಎತ್ತರದ ದಿಂಬಂ ಮುಟ್ಟುವಷ್ಟರಲ್ಲಿ ಎಂಜಿನ್ನು, ಕ್ಲಚ್ಚು, ಬ್ರೇಕು ಮೂರೂ ತಮ್ಮ ತಾಕತ್ತನ್ನು ತೋರಿಸಿ ಮುಗಿಸಿರುತ್ತವೆ. ಮೇಲಿನಿಂದ ತಾಳವಾಡಿ ಸೀಮೆಯ ಕ್ಯಾರೆಟ್ಟು, ಎಲೆಕೋಸು, ಬೀಟ್‌ರೂಟು, ಬಾಳೆ ಹೊತ್ತ ಗಾಡಿಗಳು ಇಳಿಯುತ್ತಿರುತ್ತವೆ. ಒಂದು ಲಾರಿ ತಿರುವಿನಲ್ಲಿ ಸಿಕ್ಕಿಕೊಂಡರೆ ಎರಡೂ ಕಡೆ ಉದ್ದನೆಯ ಸಾಲು. ಇಂಥ ದಾರಿಯ ನಡುವೆ ಆಟೊಮ್ಯಾಟಿಕ್ ಕಾರೊಂದರ ಗೇರ್ ತಾನಾಗಿ ನ್ಯೂಟ್ರಲ್‌ಗೆ ಬಂದು ನಿಂತರೆ, ಆಕ್ಸಿಲರೇಟರ್ ಎಷ್ಟು ಒತ್ತಿದರೂ ಎಂಜಿನ್ ಬರಿದೇ ಕೂಗಿದರೆ, ಅದು ಒಳಗೆ ಕೂತವರ ಜೀವದ ಪ್ರಶ್ನೆಯಾಗುತ್ತದೆ.

ಕಾರನ್ನು ಹೇಗೋ ಕೆಳಗೋ ಮೇಲೋ ಸಾಗಿಸಿ ಗ್ಯಾರೇಜಿಗೆ ತಂದ ಮೇಲೆ ಎರಡನೇ ಪ್ರಶ್ನೆ ಏಳುತ್ತದೆ. ಸ್ಕ್ಯಾನರ್ ಚುಚ್ಚಿ ನೋಡಿದವರು ತೀರ್ಪು ಕೊಡುತ್ತಾರೆ: “ಗೇರ್ ಬೋರ್ಡು ಹೋಗ್ಬುಟ್ಟದ ಅಣ್ಣ, ಬದಲಾಯ್ಸ್‌ಬೇಕು.” ಆ ಬೋರ್ಡಿನ ಹೆಸರು ಟ್ರಾನ್ಸ್‌ಮಿಷನ್ ಕಂಟ್ರೋಲ್ ಮಾಡ್ಯೂಲ್, ಚಿಕ್ಕದಾಗಿ ಟಿಸಿಎಂ. ಕೆಲವು ಕಂಪನಿಗಳು ಅದನ್ನೇ ಟಿಸಿಯು ಎನ್ನುತ್ತವೆ. ಕಾರಿನ ಮಾದರಿಯ ಮೇಲೆ ಅದರ ಬೆಲೆ ಹತ್ತಾರು ಸಾವಿರ ರೂಪಾಯಿ ಮುಟ್ಟುವುದುಂಟು. ಹೊಸದು ಹಾಕಿದ ಮೇಲೂ ಅದೇ ತೊಂದರೆ ಮರಳಿ ಬಂದರೆ ಆ ಹಣ ಮಣ್ಣುಪಾಲು. ಟಿಸಿಎಂ ಕೆಡುವುದೇ ಇಲ್ಲ ಎಂದಲ್ಲ, ಕೆಡುತ್ತದೆ. ಆದರೆ ಅದರ ಮೇಲೆ ಆರೋಪ ಹೊರಿಸುವುದು ಕೊನೆಯ ಹೆಜ್ಜೆಯಾಗಬೇಕು, ಆ ಆರೋಪವನ್ನು ಮೀಟರಿನ ಅಳತೆ ಸಾಬೀತು ಮಾಡಿರಬೇಕು. ತಾಳವಾಡಿಯಂಥ ಊರಿಗೆ ಈ ಶಿಸ್ತು ನಗರಕ್ಕಿಂತ ಹೆಚ್ಚು ಬೇಕು. ಇಲ್ಲಿಂದ ಜಿಲ್ಲಾ ಕೇಂದ್ರ ಈರೋಡು ನೂರು ಕಿಲೋಮೀಟರಿಗೂ ದೂರ. ಸತ್ಯಮಂಗಲಕ್ಕೆ ಹೋಗಬೇಕೆಂದರೆ 2013ರಲ್ಲಿ ಹುಲಿ ಮೀಸಲು ಎಂದು ಘೋಷಿತವಾದ ಕಾಡನ್ನು ದಾಟಬೇಕು. 2022ರ ಫೆಬ್ರವರಿಯಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಆ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಗಡಿಯಾಚೆಯ ಚಾಮರಾಜನಗರ ಹತ್ತಿರ, ಆದರೆ ದೊಡ್ಡ ಸರ್ವಿಸ್ ಸೆಂಟರ್ ಬೇಕೆಂದರೆ ಮೈಸೂರಿಗೋ ಕೊಯಮತ್ತೂರಿಗೋ ಹೋಗಬೇಕು. ಒಂದು ತಪ್ಪು ಪತ್ತೆ ಅಂದರೆ ಇಲ್ಲಿನವರಿಗೆ ಮತ್ತೊಂದು ಪ್ರಯಾಣ, ಮತ್ತೊಂದು ದಿನದ ದುಡಿಮೆ ನಷ್ಟ.

ಗೇರ್ ಹಾಕುವವರು ಯಾರು?

ಭಾರತದ ಸಾಮಾನ್ಯ ಕುಟುಂಬಗಳ ಮನೆಗೆ ಆಟೊಮ್ಯಾಟಿಕ್ ಗೇರ್ ಬಂದದ್ದು ಎಎಂಟಿ ಮೂಲಕ. 2014ರ ಫೆಬ್ರವರಿಯಲ್ಲಿ ಮಾರುತಿ ಸುಜುಕಿ ಸೆಲೆರಿಯೊ ಈ ವ್ಯವಸ್ಥೆಯನ್ನು ಕಡಿಮೆ ಬೆಲೆಯ ಕಾರಿಗೆ ತಂದಿತು. ಅದೇ ವರ್ಷ ಟಾಟಾ ಜೆಸ್ಟ್, 2016ರಲ್ಲಿ ರೆನೊ ಕ್ವಿಡ್, ಆಮೇಲೆ ಬಹುತೇಕ ಎಲ್ಲ ಕಂಪನಿಗಳೂ ಆ ದಾರಿ ಹಿಡಿದವು. ಎಎಂಟಿಯ ಒಳಗಿರುವುದು ನಮಗೆ ಗೊತ್ತಿರುವ ಅದೇ ಹಳೆಯ ಗೇರ್‌ಬಾಕ್ಸ್, ಅದೇ ಕ್ಲಚ್ ಪ್ಲೇಟ್. ಕ್ಲಚ್ ಒತ್ತುವ ಕಾಲಿನ ಬದಲು ಒಂದು ಆಕ್ಚುವೇಟರ್, ಗೇರ್ ಎಳೆಯುವ ಕೈಯ ಬದಲು ಇನ್ನೊಂದು. ಕೆಲವು ಕಾರುಗಳಲ್ಲಿ ಪುಟ್ಟ ಪಂಪ್ ಎಣ್ಣೆಗೆ ಒತ್ತಡ ಕೊಟ್ಟು, ಸೊಲೆನಾಯ್ಡ್ ವಾಲ್ವುಗಳ ಮೂಲಕ ಈ ಕೆಲಸ ಮಾಡಿಸುತ್ತದೆ. ಇನ್ನು ಕೆಲವುಗಳಲ್ಲಿ ಎಲೆಕ್ಟ್ರಿಕ್ ಮೋಟಾರುಗಳೇ ಅದನ್ನು ಮಾಡುತ್ತವೆ.

ಯಾವಾಗ ಕ್ಲಚ್ ಬಿಡಬೇಕು, ಯಾವ ಗೇರ್ ಹಾಕಬೇಕು ಎಂದು ತೀರ್ಮಾನಿಸುವುದು ಟಿಸಿಎಂ. ಗೇರ್‌ಬಾಕ್ಸಿನೊಳಗೆ ಬರುವ ಶಾಫ್ಟಿನ ವೇಗ, ಹೊರಹೋಗುವ ಶಾಫ್ಟಿನ ವೇಗ, ಗೇರ್ ಲಿವರಿನ ಸ್ಥಾನ, ಬ್ರೇಕ್ ಒತ್ತಿದೆಯೇ ಇಲ್ಲವೇ, ಆಕ್ಸಿಲರೇಟರ್ ಎಷ್ಟು ಒತ್ತಿದೆ, ಎಂಜಿನ್ ಎಷ್ಟು ಎಳೆತ ಕೊಡುತ್ತಿದೆ ಎಂಬ ಸುದ್ದಿಯೆಲ್ಲ ಅದಕ್ಕೆ ಸೆಕೆಂಡಿಗೆ ಹಲವಾರು ಸಲ ಬರುತ್ತಲೇ ಇರಬೇಕು. ಇದರಲ್ಲಿ ಕೆಲವು ನೇರ ವೈರಿನಲ್ಲಿ ಬರುತ್ತವೆ. ಉಳಿದದ್ದು ಎಂಜಿನ್ ಕಂಪ್ಯೂಟರಾದ ಇಸಿಎಂನಿಂದಲೂ ಎಬಿಎಸ್ ಮಾಡ್ಯೂಲಿನಿಂದಲೂ ‘ಕ್ಯಾನ್’ ಎಂಬ ಎರಡು ವೈರುಗಳ ಜಾಲದಲ್ಲಿ ಬರುತ್ತದೆ. ಜರ್ಮನಿಯ ಬಾಷ್ ಕಂಪನಿ ಈ ಜಾಲವನ್ನು 1986ರಲ್ಲಿ ಲೋಕಕ್ಕೆ ತೋರಿಸಿತು. ಇಂದು ಕಾರಿನ ಬೇರೆ ಬೇರೆ ಕಂಪ್ಯೂಟರುಗಳು ಪರಸ್ಪರ ಮಾತಾಡುವುದು ಮುಖ್ಯವಾಗಿ ಅದರ ಮೇಲೆಯೇ.

ಟಿಸಿಎಂ ಒಬ್ಬಂಟಿಯಾಗಿ ಕೆಲಸ ಮಾಡುವ ವಸ್ತುವಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಬ್ಯಾಟರಿ ಸೊರಗಿದರೂ, ಅರ್ತ್ ಸಡಿಲಾದರೂ, ವೇಗದ ಸೆನ್ಸರ್ ಸುಳ್ಳು ಹೇಳಿದರೂ ಹೊರಗೆ ಕಾಣುವುದು ಒಂದೇ ಲಕ್ಷಣ: ಗೇರ್ ಬೀಳುತ್ತಿಲ್ಲ. ಬ್ರೇಕ್ ಪೆಡಲಿನ ಮೇಲಿನ ಚಿಕ್ಕ ಸ್ವಿಚ್ಚನ್ನೇ ತೆಗೆದುಕೊಳ್ಳಿ. ಬ್ರೇಕ್ ಒತ್ತಿದ ಸುದ್ದಿ ಬರದಿದ್ದರೆ ಅನೇಕ ಎಎಂಟಿ ಕಾರುಗಳು ಸ್ಟಾರ್ಟ್ ಆಗುವುದಿಲ್ಲ, ನ್ಯೂಟ್ರಲ್‌ನಿಂದ ಗೇರಿಗೂ ಹೋಗುವುದಿಲ್ಲ. ಕೆಲವು ನೂರು ರೂಪಾಯಿಯ ಆ ಸ್ವಿಚ್ ಕೆಟ್ಟದ್ದಕ್ಕೆ ದುಬಾರಿ ಮಾಡ್ಯೂಲ್ ಶಿಕ್ಷೆ ಅನುಭವಿಸಬಾರದು.

ಘಾಟಿಯಲ್ಲೇ ಕೈಕೊಟ್ಟರೆ

ರಿಪೇರಿಗಿಂತ ಮೊದಲು ಜೀವ. ತನಗೆ ಬರುವ ಸುದ್ದಿಯಲ್ಲಿ ನಂಬಿಕೆ ತಪ್ಪಿದಾಗ ಟಿಸಿಎಂ ಗೇರ್‌ಬಾಕ್ಸನ್ನು ಕಾಪಾಡುವ ಸ್ಥಿತಿಗೆ ಹೋಗುತ್ತದೆ. ಕ್ಲಚ್ ಬದಲು ಎಣ್ಣೆಯ ಮೂಲಕ ಎಳೆತ ಸಾಗಿಸುವ ಟಾರ್ಕ್ ಕನ್ವರ್ಟರ್ ಇರುವ ಕಾರುಗಳು ಸಾಮಾನ್ಯವಾಗಿ ಒಂದೇ ಗೇರಿನಲ್ಲಿ ನಿಂತುಬಿಡುತ್ತವೆ, ಎಷ್ಟೋ ಮಾದರಿಗಳಲ್ಲಿ ಅದು ಮೂರನೆಯದು. ಎಎಂಟಿ ಕಾರುಗಳಲ್ಲಿ ಗೇರ್ ದೀಪ ಮಿನುಗಿ, ಗಾಡಿ ನ್ಯೂಟ್ರಲ್‌ಗೆ ಬರುವುದುಂಟು. ಇಳಿಜಾರಿನಲ್ಲಿ ಇದೇ ಹೆಚ್ಚು ಅಪಾಯಕಾರಿ. ಗೇರ್ ಇಲ್ಲದಿದ್ದರೆ ಎಂಜಿನ್ ಹಿಡಿತ ಇರುವುದಿಲ್ಲ, ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ತಿರುವು ತಿರುವಿಗೂ ಒತ್ತಿಹಿಡಿದ ಬ್ರೇಕ್ ಕಾಯ್ದು ಹಿಡಿತ ಬಿಡುತ್ತದೆ. ಆದ್ದರಿಂದ ಕೆಳಗಿನವರೆಗೂ ಹಾಗೇ ಉರುಳಿಸಿಕೊಂಡು ಹೋಗಿಬಿಡೋಣ ಎಂಬ ಯೋಚನೆಯೇ ಬೇಡ.

ತಿರುವು ದಾಟಿದ ಅಗಲದ ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ, ಹಜಾರ್ಡ್ ದೀಪ ಹಾಕಿ. ಬೆಳಕಿದ್ದು ಸುತ್ತ ಪ್ರಾಣಿಗಳಿಲ್ಲದಿದ್ದರೆ ಮಾತ್ರ ಇಳಿದು ಚಕ್ರಕ್ಕೆ ಕಲ್ಲು ಕೊಡಿ, ತ್ರಿಕೋನ ಫಲಕ ಇಡಿ. ಹೊರಡುವಾಗ ಆ ಕಲ್ಲನ್ನು ತೆಗೆದು ಬದಿಗೆ ಹಾಕಿ, ಹಿಂದೆ ಬೈಕಿನಲ್ಲಿ ಬರುವವರೂ ಯಾರದೋ ಮನೆಯ ಮಕ್ಕಳು. ಕತ್ತಲಾಗಿದ್ದರೆ ಕಾರಿನೊಳಗೇ ಇರಿ. ಇದು ಆನೆ, ಚಿರತೆ, ಹುಲಿ ಓಡಾಡುವ ಕಾಡು. ಹಾಸನೂರು ಭಾಗದಲ್ಲಿ ಕಬ್ಬಿನ ಲಾರಿಗಾಗಿ ರಸ್ತೆಗೇ ಬಂದು ನಿಲ್ಲುವ ಆನೆಗಳನ್ನು ಇಲ್ಲಿನ ಚಾಲಕರು ಚೆನ್ನಾಗಿ ಬಲ್ಲರು. ಬ್ರೇಕ್ ಒತ್ತಿ, ಲಿವರನ್ನು ನ್ಯೂಟ್ರಲ್‌ಗೆ ತಂದು, ಕೀ ಆಫ್ ಮಾಡಿ ಒಂದೆರಡು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದರೆ ಕೆಲವೊಮ್ಮೆ ಗೇರ್ ಮರಳುತ್ತದೆ. ಮರಳಿದರೂ ರೋಗ ವಾಸಿಯಾಯಿತು ಎಂದಲ್ಲ, ಹತ್ತಿರದ ಸುರಕ್ಷಿತ ಜಾಗ ಮುಟ್ಟಲು ಒಂದು ಅವಕಾಶ ಸಿಕ್ಕಿತು ಅಷ್ಟೇ.

ಎಳೆದೊಯ್ಯುವುದಾದರೆ ಫ್ಲಾಟ್‌ಬೆಡ್ ಲಾರಿ ಕೇಳಿ. ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸಿನಲ್ಲಿ ಎಣ್ಣೆ ಹರಿಸುವ ಪಂಪ್ ತಿರುಗುವುದು ಎಂಜಿನ್ ಓಡುತ್ತಿದ್ದಾಗ ಮಾತ್ರ. ಎಂಜಿನ್ ನಿಲ್ಲಿಸಿ, ಗೇರ್‌ಬಾಕ್ಸಿಗೆ ಸೇರಿದ ಚಕ್ರಗಳನ್ನು ನೆಲದ ಮೇಲೆ ಉರುಳಿಸಿಕೊಂಡು ದೂರ ಎಳೆದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಸವೆಯುತ್ತವೆ. ಎಎಂಟಿ ಗೇರಿನಲ್ಲೇ ಸಿಕ್ಕಿಕೊಂಡಿದ್ದರೆ ಅದನ್ನೂ ಹಾಗೆ ಎಳೆಯಬಾರದು.

ಮೊದಲ ಸಾಕ್ಷಿ ಚಾಲಕನೇ

ಒಳ್ಳೆಯ ಮೆಕ್ಯಾನಿಕ್ ಸ್ಕ್ಯಾನರ್ ಹಿಡಿಯುವ ಮುನ್ನ ಪ್ರಶ್ನೆ ಕೇಳುತ್ತಾನೆ. ತೊಂದರೆ ಬೆಳಗಿನ ಚಳಿಯಲ್ಲೋ, ಘಾಟಿ ಹತ್ತಿ ಬಿಸಿಯಾದ ಮೇಲೋ? ಮಳೆ ಬಂದ ಮಾರನೇ ದಿನವೋ? ಗಾಡಿ ತೊಳೆಸಿದ ಮೇಲೋ? ಇತ್ತೀಚೆಗೆ ಬ್ಯಾಟರಿ ಬದಲಾಯಿಸಿದ್ದೀರಾ? ಹೊಸ ಹಾರ್ನ್, ಕ್ಯಾಮೆರಾ, ಮ್ಯೂಸಿಕ್ ಸಿಸ್ಟಮ್ ಎಂದು ಯಾರಾದರೂ ವೈರು ಕತ್ತರಿಸಿ ಸೇರಿಸಿದ್ದಾರಾ? ಗಾಡಿ ಬಹಳ ದಿನ ನಿಂತಿತ್ತಾ?

ಒಂದೊಂದು ಉತ್ತರವೂ ಒಂದೊಂದು ದಿಕ್ಕು ತೋರಿಸುತ್ತದೆ. ಬಿಸಿಯಾದಾಗ ಕೈಕೊಟ್ಟು ತಣ್ಣಗಾದಾಗ ಸರಿಹೋದರೆ ಬೋರ್ಡಿನೊಳಗಿನ ಬಿರುಕುಬಿಟ್ಟ ಬೆಸುಗೆ, ಸೊಲೆನಾಯ್ಡ್ ಸುರುಳಿ ಅಥವಾ ಕಾದ ಕ್ಲಚ್ಚಿನ ಮೇಲೆ ಅನುಮಾನ. ಮಳೆಗಾಲದಲ್ಲಿ ಬಂದರೆ ಕಪ್ಲರಿನೊಳಗೆ ನೀರು ಸೇರಿ ಪಿನ್ನಿಗೆ ಹಸಿರು ಕಿಲುಬು ಹಿಡಿದಿದೆಯೇ ನೋಡಬೇಕು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು ಮಳೆ, ದಿಂಬಂ ಸುತ್ತಲಿನ ಮಂಜು ಎರಡೂ ಇದಕ್ಕೆ ಅನುಕೂಲ. ಧಾನ್ಯದ ಕೊಟ್ಟಿಗೆಯ ಪಕ್ಕ ಗಾಡಿ ನಿಲ್ಲಿಸುವ ಮನೆಗಳಲ್ಲಿ ಇಲಿ ಮೊದಲ ಅನುಮಾನಿತ. ಇಲಿಯ ಮುಂದಿನ ಹಲ್ಲು ಬದುಕಿಡೀ ಬೆಳೆಯುತ್ತಲೇ ಇರುವುದರಿಂದ ಅದು ಏನನ್ನಾದರೂ ಕಡಿಯಲೇಬೇಕು. ಎಂಜಿನ್ನಿನ ಬೆಚ್ಚಗಿನ ಮೂಲೆಯಲ್ಲಿ ಸಿಗುವುದು ವೈರು.

ಕೋಡ್ ಎಂದರೆ ತೀರ್ಪಲ್ಲ

ಸ್ಟಿಯರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಓಬಿಡಿ ಎಂದು ಹೆಸರು. ಅಮೆರಿಕದಲ್ಲಿ ಈ ವ್ಯವಸ್ಥೆಯ ಎರಡನೇ ಹಂತ 1996ರಿಂದ ಕಡ್ಡಾಯವಾಯಿತು, ಭಾರತದಲ್ಲಿ 2013ರ ಏಪ್ರಿಲ್‌ನಿಂದ. ಅಲ್ಲಿಗೆ ಸ್ಕ್ಯಾನರ್ ಹಾಕಿದರೆ ಕಾರು ಬರೆದಿಟ್ಟುಕೊಂಡ ದೋಷದ ಕೋಡುಗಳು ಕಾಣುತ್ತವೆ. ಅಗ್ಗದ ಸ್ಕ್ಯಾನರುಗಳು ಎಂಜಿನ್ನಿನ ಕೋಡನ್ನಷ್ಟೇ ಓದುತ್ತವೆ. ನಮ್ಮ ಕೆಲಸಕ್ಕೆ ಬೇಕಾದದ್ದು ಎಲ್ಲ ಮಾಡ್ಯೂಲುಗಳನ್ನೂ ಮಾತಾಡಿಸುವ ಸ್ಕ್ಯಾನರ್.

ಎಷ್ಟೋ ತಪ್ಪು ತೀರ್ಪಿನ ಬೇರು ಪಿ0700 ಎಂಬ ಕೋಡಿನಲ್ಲಿದೆ. ಗೇರ್ ವಿಭಾಗದಲ್ಲಿ ಏನೋ ದೋಷ ದಾಖಲಾಗಿದೆ, ಅಲ್ಲಿ ಹೋಗಿ ಕೇಳಿ ಎಂದಷ್ಟೇ ಅದು ಹೇಳುತ್ತದೆ. ನಿಜವಾದ ಕೋಡ್ ಟಿಸಿಎಂ ಒಳಗಿರುತ್ತದೆ. ಅಲ್ಲಿ ಪಿ0715 ಇದ್ದರೆ ಒಳಬರುವ ಶಾಫ್ಟಿನ ವೇಗದ ಸೆನ್ಸರ್ ಸರ್ಕ್ಯೂಟ್, ಪಿ0720 ಇದ್ದರೆ ಹೊರಹೋಗುವ ಶಾಫ್ಟಿನದು, ಪಿ0705 ಇದ್ದರೆ ಲಿವರ್ ಸ್ಥಾನದ ಸೆನ್ಸರ್, ಪಿ0562 ಇದ್ದರೆ ವೋಲ್ಟೇಜ್ ಇಳಿದಿತ್ತು ಎಂದರ್ಥ. ಇವು ಯಾವುವೂ ಟಿಸಿಎಂ ಕೆಟ್ಟಿದೆ ಎನ್ನುವುದಿಲ್ಲ. ತನಗೆ ಬರಬೇಕಾದ ಸುದ್ದಿ ಸರಿಯಾಗಿ ಬರುತ್ತಿಲ್ಲ ಎಂದು ಟಿಸಿಎಂ ಕೊಟ್ಟ ದೂರುಗಳು ಇವು.

ಯು0101 ಇನ್ನೊಂದು ಬಗೆ. ಟಿಸಿಎಂ ಜೊತೆ ಸಂಪರ್ಕ ಕಡಿದಿದೆ ಎಂದು ಉಳಿದ ಮಾಡ್ಯೂಲುಗಳು ಬರೆದಿಡುವ ಕೋಡ್ ಇದು. ಮಾಡ್ಯೂಲ್ ಸತ್ತಿದೆ ಎಂದು ತೀರ್ಮಾನಿಸಲು ಹೆಚ್ಚಿನವರು ಇದನ್ನೇ ಹಿಡಿದುಕೊಳ್ಳುತ್ತಾರೆ. ಆದರೆ ಫ್ಯೂಸ್ ಹೋದರೂ, ಅರ್ತ್ ಕಳಚಿದರೂ, ಕ್ಯಾನ್ ವೈರು ತುಂಡಾದರೂ ಟಿಸಿಎಂ ಮೌನವಾಗುತ್ತದೆ, ಆಗಲೂ ಇದೇ ಕೋಡ್ ಬರುತ್ತದೆ. ಮೌನಕ್ಕೆ ಕಾರಣ ಹುಡುಕದೆ ಮರಣಪತ್ರ ಬರೆಯಬಾರದು.

ಇನ್ನೊಂದು ಕಟ್ಟುನಿಟ್ಟು: ಕೋಡನ್ನು ಮೊದಲೇ ಅಳಿಸಬೇಡಿ. ಅದರ ಜೊತೆ ದೋಷ ಬಂದ ಕ್ಷಣದ ವೇಗ, ತಾಪ, ವೋಲ್ಟೇಜ್ ಕೂಡ ಉಳಿದಿರಬಹುದು. ಎಲ್ಲವನ್ನೂ ಬರೆದುಕೊಂಡು ಇಲ್ಲವೇ ಫೋಟೊ ತೆಗೆದುಕೊಂಡು ಆಮೇಲೆ ಅಳಿಸಿ, ಗಾಡಿ ಓಡಿಸಿ, ಯಾವುದು ಮರಳಿ ಬರುತ್ತದೆ ಎಂದು ನೋಡಬೇಕು.

ಮೀಟರ್ ಹಿಡಿದು ನಾಲ್ಕು ಅಳತೆ

ಇಲ್ಲಿಂದ ಮುಂದಿನ ಕೆಲಸಕ್ಕೆ ದುಬಾರಿ ಉಪಕರಣ ಬೇಡ. ಒಂದು ಒಳ್ಳೆಯ ಮಲ್ಟಿಮೀಟರ್, 21 ವ್ಯಾಟಿನ ಒಂದು ಬಲ್ಬು, ಆ ಕಾರಿನ ವೈರಿಂಗ್ ಚಿತ್ರ, ತಾಳ್ಮೆ. ಇಷ್ಟಿದ್ದರೆ ತಾಳವಾಡಿಯ ಗ್ಯಾರೇಜಿನಲ್ಲೂ ಇದನ್ನು ಮಾಡಬಹುದು.

ಮೊದಲನೆಯದು ಬ್ಯಾಟರಿ. ನಿಂತ ಗಾಡಿಯಲ್ಲಿ ತುಂಬು ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಇರಬೇಕು. ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ತೀರಾ ಕುಸಿದರೆ ಟಿಸಿಎಂ ಅರೆಕ್ಷಣ ಪ್ರಜ್ಞೆ ತಪ್ಪುತ್ತದೆ, ಅದಕ್ಕೂ ಯು0101 ಬರುತ್ತದೆ. ಬ್ಯಾಟರಿ ಬದಲಾಯಿಸಿದರೆ ಮುಗಿಯುವ ರೋಗ ಇದು.

ಎರಡನೆಯದು ಟಿಸಿಎಂ ಕಪ್ಲರಿಗೆ ಬರುವ ಕರೆಂಟು. ಇಲ್ಲಿ ಬರೀ ವೋಲ್ಟೇಜ್ ನೋಡಿ ಸರಿ ಎನ್ನಬಾರದು. ಹನಿ ನೀರಾವರಿ ಮಾಡುವವರಿಗೆ ಇದು ಗೊತ್ತಿರುವ ಮಾತು: ಗೇಟ್‌ವಾಲ್ವ್ ಮುಚ್ಚಿದ್ದಾಗ ಪೈಪಿನಲ್ಲಿ ಒತ್ತಡ ಪೂರ್ತಿ ಕಾಣುತ್ತದೆ, ತೆರೆದು ನೀರು ಹರಿದಾಗ ತಾನೇ ಒಳಗೆ ಎಲ್ಲಿ ಕಸ ಕಟ್ಟಿದೆ ಎಂದು ತಿಳಿಯುವುದು. ಕಿಲುಬು ಹಿಡಿದು ಒಂದೇ ಎಳೆಯಲ್ಲಿ ಉಳಿದ ವೈರು ಕೂಡ ಮೀಟರಿಗೆ 12 ವೋಲ್ಟ್ ತೋರಿಸುತ್ತದೆ. ಆದ್ದರಿಂದ ಕಪ್ಲರ್ ಬಿಚ್ಚಿ, ಅದರ ಪವರ್ ಪಿನ್ನಿಗೂ ಅರ್ತ್ ಪಿನ್ನಿಗೂ ನಡುವೆ 21 ವ್ಯಾಟ್ ಬಲ್ಬು ಹಾಕಿ ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆಸಬೇಕು. ಫ್ಯೂಸ್ ಹೊರುವ ಭಾರಕ್ಕಿಂತ ಇದು ಹೆಚ್ಚಾಗದಂತೆ ಮೊದಲೇ ನೋಡಿಕೊಳ್ಳಬೇಕು. ಬಲ್ಬು ಮಂಕಾದರೆ ದೋಷ ವೈರಿನಲ್ಲಿದೆ, ಮಾಡ್ಯೂಲಿನಲ್ಲಲ್ಲ.

ಮೂರನೆಯದು ಅರ್ತ್. ಬಲ್ಬು ಉರಿಯುತ್ತಿರುವಾಗಲೇ ಬ್ಯಾಟರಿಯ ನೆಗೆಟಿವ್‌ಗೂ ಟಿಸಿಎಂ ಅರ್ತ್ ಪಿನ್ನಿಗೂ ನಡುವೆ ಮೀಟರ್ ಇಟ್ಟರೆ 0.1 ವೋಲ್ಟ್ ದಾಟಬಾರದು. ದಾಟಿದರೆ ಬಾಡಿಗೆ ಅರ್ತ್ ಕೂಡುವ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಬೇಕು. ಹಿಂದೆ ಕ್ಲಚ್ ಪ್ಲೇಟ್ ಬದಲಿಸುವಾಗ ಗೇರ್‌ಬಾಕ್ಸಿನ ಅರ್ತ್ ಪಟ್ಟಿಯನ್ನು ಮರಳಿ ಹಾಕಿದ್ದಾರೆಯೇ ಎಂದೂ ನೋಡಬೇಕು.

ನಾಲ್ಕನೆಯದು ಕ್ಯಾನ್ ಜಾಲ. ಬ್ಯಾಟರಿ ಬಿಚ್ಚಿ, ಓಬಿಡಿ ಸಾಕೆಟ್ಟಿನ 6ನೇ ಮತ್ತು 14ನೇ ಪಿನ್ನುಗಳ ನಡುವೆ ಓಮ್ ಅಳೆಯಿರಿ. ಜಾಲದ ಎರಡೂ ತುದಿಗೆ 120 ಓಮಿನ ಒಂದೊಂದು ರೆಸಿಸ್ಟರ್ ಇರುವುದರಿಂದ ಎರಡೂ ಸೇರಿ 60 ಬರಬೇಕು. 120 ಬಂದರೆ ಒಂದು ಕಡೆ ತುಂಡಾಗಿದೆ. ಸೊನ್ನೆಗೆ ಹತ್ತಿರ ಬಂದರೆ ಎರಡು ವೈರು ಒಂದಕ್ಕೊಂದು ತಾಗಿವೆ. ಬ್ಯಾಟರಿ ಮರಳಿ ಹಾಕಿ ಕೀ ಆನ್ ಮಾಡಿದಾಗ ಒಂದು ವೈರಿನಲ್ಲಿ 2.5 ವೋಲ್ಟಿಗಿಂತ ತುಸು ಮೇಲೆ, ಇನ್ನೊಂದರಲ್ಲಿ ತುಸು ಕೆಳಗೆ ಕಾಣಬೇಕು. ಗೇಟ್‌ವೇ ಮಾಡ್ಯೂಲ್ ಇರುವ ಕಾರುಗಳಲ್ಲಿ ಸಾಕೆಟ್ಟಿನ ಅಳತೆ ಒಳಗಿನ ಜಾಲವನ್ನು ತೋರಿಸುವುದಿಲ್ಲ, ಅಲ್ಲಿ ಟಿಸಿಎಂ ಕಪ್ಲರಿನ ಬಳಿಯೇ ಅಳೆಯಬೇಕು.

ಈ ನಾಲ್ಕೂ ಸರಿಯಿದ್ದು ಸೆನ್ಸರಿನ ಕೋಡ್ ಮಾತ್ರ ಉಳಿದಿದ್ದರೆ, ಸ್ಕ್ಯಾನರಿನಲ್ಲಿ ಓಡುವ ಅಂಕಿಗಳನ್ನು ಲೆಕ್ಕ ಹಾಕಿ ನೋಡಿ. ಮೂರನೇ ಗೇರಿನ ಅನುಪಾತ 1.5 ಎಂದಿಟ್ಟುಕೊಳ್ಳೋಣ. ಒಳಶಾಫ್ಟ್ ನಿಮಿಷಕ್ಕೆ 2,400 ಸುತ್ತು ತಿರುಗಿದರೆ ಹೊರಶಾಫ್ಟ್ 1,600 ತಿರುಗಲೇಬೇಕು. ಅಂಕಿ ತಟ್ಟನೆ ಸೊನ್ನೆಗೆ ಬಿದ್ದು ಮರಳಿದರೆ ಸೆನ್ಸರ್ ಅಥವಾ ಅದರ ವೈರು ಸುಳ್ಳು ಹೇಳುತ್ತಿದೆ. ವೈರಿನ ಕಟ್ಟನ್ನು ಕೈಯಲ್ಲಿ ಮೆಲ್ಲಗೆ ಅಲುಗಾಡಿಸುತ್ತಾ ಅಂಕಿ ನೋಡುವುದು ಹಳೆಯ ಉಪಾಯ, ಇಂದಿಗೂ ಇದಕ್ಕಿಂತ ಚುರುಕಾದದ್ದು ಕಡಿಮೆ.

ಆರೋಪ ಸಾಬೀತಾಗುವುದು ಯಾವಾಗ

ಪವರ್, ಅರ್ತ್, ಕ್ಯಾನ್ ಮೂರೂ ಕಪ್ಲರಿನವರೆಗೆ ಸರಿಯಾಗಿ ಬರುತ್ತಿವೆ, ಪಿನ್ನುಗಳು ಸ್ವಚ್ಛವಾಗಿವೆ, ಆದರೂ ಟಿಸಿಎಂ ಮಾತಾಡುತ್ತಿಲ್ಲ. ಅಥವಾ ಪಿ0605, ಪಿ0613ರಂಥ ಒಳಗಿನ ಮೆಮೊರಿಯ, ಪ್ರೊಸೆಸರಿನ ಕೋಡು ಅಳಿಸಿದರೂ ಮರಳಿ ಬರುತ್ತಿದೆ. ಅಥವಾ ಪವರ್ ಕದಲದೆ ಇರುವಾಗಲೂ ಬಿಸಿಯಾದರೆ ಸಂಪರ್ಕ ಕಡಿದು, ತಣ್ಣಗಾದರೆ ಕೂಡುತ್ತಿದೆ. ಆಗ ಟಿಸಿಎಂ ಮೇಲಿನ ಆರೋಪಕ್ಕೆ ಪುರಾವೆ ಇದೆ. ಆಗಲೂ ಆ ಮಾದರಿಗೆ ಕಂಪನಿ ಹೊಸ ಸಾಫ್ಟ್‌ವೇರ್ ಬಿಟ್ಟಿದೆಯೇ ಎಂದು ಕೇಳಿ. ಕೆಲವು ದೋಷ ಅಷ್ಟರಲ್ಲೇ ಮುಗಿಯುತ್ತದೆ.

ಟಿಸಿಎಂ ನಿಜಕ್ಕೂ ಅಪರಾಧಿಯಾದ ದೊಡ್ಡ ಪ್ರಕರಣ ಫೋರ್ಡ್ ಕಂಪನಿಯ ಪವರ್‌ಶಿಫ್ಟ್ ಗೇರ್‌ಬಾಕ್ಸಿನದು. ಅಮೆರಿಕದ ಫಿಯೆಸ್ಟಾ, ಫೋಕಸ್ ಕಾರುಗಳಲ್ಲಿ ಈ ಮಾಡ್ಯೂಲ್ ಕೆಡುವ ದೂರುಗಳು ಹೆಚ್ಚಿದಾಗ, 2014ರಲ್ಲಿ ಕಂಪನಿ ಆ ಒಂದು ಭಾಗದ ವಾರಂಟಿಯನ್ನು 10 ವರ್ಷ ಅಥವಾ 1,50,000 ಮೈಲಿಗೆ ಏರಿಸಿತು. ಆಸ್ಟ್ರೇಲಿಯಾದಲ್ಲಿ ಪವರ್‌ಶಿಫ್ಟ್ ಗ್ರಾಹಕರ ದೂರುಗಳನ್ನು ನಡೆಸಿಕೊಂಡ ರೀತಿಗೆ ಫೆಡರಲ್ ಕೋರ್ಟ್ 2018ರಲ್ಲಿ ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಚೆನ್ನೈ ಬಳಿ ತಯಾರಾಗಿ 2013ರಲ್ಲಿ ಮಾರುಕಟ್ಟೆಗೆ ಬಂದ ಇಕೊಸ್ಪೋರ್ಟಿಗೂ ಪವರ್‌ಶಿಫ್ಟ್ ಆಯ್ಕೆ ಇತ್ತು. 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ ಘೋಷಿಸಿತು. ಹಾಗಾಗಿ ಹಳೆಯ ಗಾಡಿ ಕೊಳ್ಳುವವರು ಬಿಡಿಭಾಗ, ಪ್ರೋಗ್ರಾಮಿಂಗ್ ಎಲ್ಲಿ ಸಿಗುತ್ತದೆ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಫೋಕ್ಸ್‌ವ್ಯಾಗನ್ ಪ್ರಕರಣ ಬೇರೆಯದೇ ಪಾಠ ಹೇಳುತ್ತದೆ. 2013ರ ನವೆಂಬರಿನಲ್ಲಿ ಏಳು ಗೇರಿನ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಸುಮಾರು 16 ಲಕ್ಷ ಕಾರುಗಳನ್ನು ಅದು ಜಗತ್ತಿನಾದ್ಯಂತ ಹಿಂದಕ್ಕೆ ಕರೆಯಿತು. ಬಿಸಿ ಮತ್ತು ತೇವದ ಹವೆಯಲ್ಲಿ, ನಿಂತು ನಿಂತು ಸಾಗುವ ಓಡಾಟದಲ್ಲಿ, ಸಿಂಥೆಟಿಕ್ ಎಣ್ಣೆಯಿಂದಾಗಿ ವಿದ್ಯುತ್ ದೋಷ ಬರಬಹುದಿತ್ತು. ಪರಿಹಾರ ಎಣ್ಣೆ ಬದಲಿಸಿ ಮಿನರಲ್ ಎಣ್ಣೆ ಹಾಕುವುದು. ಕಾರಣ ಹುಡುಕಿದ್ದರಿಂದಲೇ ಅಷ್ಟು ಸರಳ ಪರಿಹಾರ ಸಿಕ್ಕಿತು.

ಬದಲಿಸುವ ಕ್ರಮ

ಬದಲಿಸುವುದೇ ಸರಿ ಎಂದಾದ ಮೇಲೆ ಅವಸರ ಬೇಡ. ಹಳೆಯ ಟಿಸಿಎಂ ಮೇಲಿನ ಭಾಗದ ಸಂಖ್ಯೆ, ಹಾರ್ಡ್‌ವೇರ್ ಮತ್ತು ಸಾಫ್ಟ್‌ವೇರ್ ಸಂಖ್ಯೆ, ಕಾರಿನ ಚಾಸಿ ನಂಬರ್ ಎಲ್ಲವನ್ನೂ ಹೊಂದಿಸಿಯೇ ಆರ್ಡರ್ ಕೊಡಬೇಕು. ನೋಡಲು ಒಂದೇ ತೆರನಾದ ಎರಡು ಪೆಟ್ಟಿಗೆಗಳ ಒಳಗಿನ ಲೆಕ್ಕ ಬೇರೆ ಇರಬಹುದು. ಹಳೆಯದು ಇನ್ನೂ ಮಾತಾಡುತ್ತಿದ್ದರೆ ಅದರೊಳಗಿನ ಸೆಟ್ಟಿಂಗುಗಳನ್ನು ಸ್ಕ್ಯಾನರಿನಲ್ಲಿ ಉಳಿಸಿಕೊಳ್ಳಬೇಕು.

ಬ್ಯಾಟರಿಯ ನೆಗೆಟಿವ್ ಬಿಚ್ಚಿ ಸ್ವಲ್ಪ ಹೊತ್ತು ಬಿಡಬೇಕು. ಕಾರಿನ ಲೋಹದ ಭಾಗ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ ಇಳಿಸಿಕೊಂಡು, ಪಿನ್ನುಗಳಿಗೆ ಬೆರಳು ತಾಗದಂತೆ ಮಾಡ್ಯೂಲ್ ಹಿಡಿಯಬೇಕು. ಕಪ್ಲರಿನ ಲಾಕ್ ತೆರೆದೇ ಬಿಡಿಸಬೇಕು, ವೈರು ಹಿಡಿದು ಎಳೆಯಬಾರದು. ಎಎಂಟಿ ಕಾರುಗಳಲ್ಲಿ ಟಿಸಿಎಂ ಎಂಜಿನ್ ಕೋಣೆಯಲ್ಲೋ ಡ್ಯಾಶ್‌ಬೋರ್ಡಿನ ಕೆಳಗೋ ಇರುವುದರಿಂದ ಕೆಲಸ ಹಗುರ. ಕೆಲವು ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸುಗಳಲ್ಲಿ ಅದು ಒಳಗೆ ವಾಲ್ವ್ ಬಾಡಿಯ ಮೇಲೆಯೇ ಕೂತಿರುತ್ತದೆ. ಆಗ ಎಣ್ಣೆ ಇಳಿಸಿ, ಧೂಳಿಲ್ಲದ ಜಾಗದಲ್ಲಿ ಬಿಚ್ಚಬೇಕು. ಅಂಥ ಕೆಲಸ ರಸ್ತೆಬದಿಯಲ್ಲಿ ಮಾಡುವಂಥದಲ್ಲ.

ಬೋಲ್ಟು ಬಿಗಿದರೆ ಅರ್ಧ ಕೆಲಸ ಮಾತ್ರ ಮುಗಿಯಿತು. ಹೊಸ ಟಿಸಿಎಂಗೆ ಆ ಕಾರಿನ ಸಾಫ್ಟ್‌ವೇರ್ ತುಂಬಬೇಕು, ಚಾಸಿ ನಂಬರ್ ಬರೆಯಬೇಕು, ಅನೇಕ ಕಾರುಗಳಲ್ಲಿ ಇಮ್ಮೊಬಿಲೈಸರಿಗೂ ಪರಿಚಯಿಸಬೇಕು. ಸಾಫ್ಟ್‌ವೇರ್ ತುಂಬುವಾಗ ಬ್ಯಾಟರಿಗೆ ಸ್ಥಿರವಾದ ಚಾರ್ಜರ್ ಆಸರೆ ಕಡ್ಡಾಯ. ನಡುವೆ ವೋಲ್ಟೇಜ್ ಬಿದ್ದರೆ ಹೊಸ ಮಾಡ್ಯೂಲೇ ಕೆಲಸಕ್ಕೆ ಬಾರದಂತಾಗಬಹುದು. ಕರೆಂಟು ಹೋಗಿ ಬರುವ ಊರುಗಳಲ್ಲಿ ಈ ಕೆಲಸಕ್ಕೆ ಯುಪಿಎಸ್ ಇದೆಯೇ ಎಂದು ಮೊದಲೇ ಕೇಳಿ.

ಆಮೇಲೆ ಕಲಿಕೆ. ಕ್ಲಚ್ ಯಾವ ಬಿಂದುವಿನಲ್ಲಿ ಹಿಡಿಯಲು ಶುರುಮಾಡುತ್ತದೆ, ಪ್ರತಿ ಗೇರ್ ಎಲ್ಲಿ ಕೂರುತ್ತದೆ ಎಂಬುದನ್ನು ಎಎಂಟಿ ಟಿಸಿಎಂ ಹೊಸದಾಗಿ ಕಲಿಯಬೇಕು. ಸ್ಕ್ಯಾನರಿನಲ್ಲಿ ಅದಕ್ಕೆ ಪ್ರತ್ಯೇಕ ಕ್ರಮವಿದೆ. ಬೆಲ್ಟಿನಿಂದ ನಡೆಯುವ ಸಿವಿಟಿ ಗೇರ್‌ಬಾಕ್ಸುಗಳಲ್ಲಿ ಆ ಗೇರ್‌ಬಾಕ್ಸಿಗೇ ಸೇರಿದ ಅಳತೆಯ ಮಾಹಿತಿಯನ್ನು ಹೊಸ ಟಿಸಿಎಂಗೆ ಬರೆಯಬೇಕಾಗಬಹುದು. ಈ ಹೆಜ್ಜೆ ಬಿಟ್ಟರೆ ಗಾಡಿ ಜಗ್ಗುತ್ತದೆ, ಕ್ಲಚ್ ಬೇಗ ಸವೆಯುತ್ತದೆ, ಕೊನೆಗೆ ಹೊಸ ಪೆಟ್ಟಿಗೆಯೂ ಕೆಟ್ಟದ್ದೇ ಎಂಬ ಹೆಸರು ಹೊರುತ್ತದೆ.

ಗುಜರಿಯಿಂದ ತಂದ ಟಿಸಿಎಂ ಅಗ್ಗ, ಆದರೆ ಅದು ಹಳೆಯ ಕಾರಿನ ಚಾಸಿ ನಂಬರಿಗೆ ಬೀಗ ಹಾಕಿಕೊಂಡಿರಬಹುದು. ಹಳೆಯದರ ಮೆಮೊರಿಯನ್ನು ಅದಕ್ಕೆ ಇಳಿಸಬಲ್ಲ ಅನುಭವಿಗಳು ದೊಡ್ಡ ಊರುಗಳಲ್ಲಿ ಸಿಗುತ್ತಾರೆ. ಬೆಸುಗೆ ಬಿರುಕುಬಿಟ್ಟ ಬೋರ್ಡನ್ನೇ ಸರಿಪಡಿಸುವವರೂ ಇದ್ದಾರೆ. ಎರಡಕ್ಕೂ ಮೊದಲು ಬರೆದುಕೊಟ್ಟ ವಾರಂಟಿ ಕೇಳಿ.

ಪರೀಕ್ಷೆಯ ಓಟವನ್ನು ಸಮತಟ್ಟು ರಸ್ತೆಯಲ್ಲಿ ಶುರುಮಾಡಿ, ಆಮೇಲೆ ಸಣ್ಣ ಏರು. ಮತ್ತೊಮ್ಮೆ ಸ್ಕ್ಯಾನ್ ಮಾಡಿ ಏನೂ ಇಲ್ಲವೆಂದು ಕಂಡ ಮೇಲಷ್ಟೇ ದಿಂಬಂ.

ಮಾಲೀಕರ ಹಕ್ಕು, ಮೆಕ್ಯಾನಿಕ್ಕಿನ ಹಕ್ಕು

ಚಿಕ್ಕ ಊರಿನ ಗ್ಯಾರೇಜಿನವನ ಬಳಿ ವೈರಿಂಗ್ ಚಿತ್ರವಾಗಲಿ ಪ್ರೋಗ್ರಾಮಿಂಗ್ ಉಪಕರಣವಾಗಲಿ ಇಲ್ಲದಿರುವುದು ಬರೀ ಅವನ ತಪ್ಪಲ್ಲ. ಒಬ್ಬ ಗ್ರಾಹಕ ಮೂರು ಕಾರು ಕಂಪನಿಗಳ ಮೇಲೆ ಕೊಟ್ಟ ದೂರು ಬೆಳೆದು, ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಬಿಡಿಭಾಗ, ದೋಷಪತ್ತೆ ಉಪಕರಣ, ಕೈಪಿಡಿಗಳು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದು ಆರೋಪ. ದಂಡದ ವಿರುದ್ಧ ಮೇಲ್ಮನವಿಗಳು ನಡೆದವು. ಆದರೆ ರಿಪೇರಿಯ ಅರಿವನ್ನು ಬಚ್ಚಿಡುವುದು ಗ್ರಾಹಕನಿಗೆ ಹಾನಿ ಎಂಬ ಮಾತು ದಾಖಲಾಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು, ಅದರಲ್ಲಿ ವಾಹನಗಳ ವಿಭಾಗವೂ ಇದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗಡಿಯವರಿಗೆ ದೊಡ್ಡ ಉಪಕಾರ ಮಾಡಿದೆ. ಕಾರು ಮೈಸೂರಿನಲ್ಲಿ ಕೊಂಡಿದ್ದರೂ ರಿಪೇರಿ ಕೊಯಮತ್ತೂರಿನಲ್ಲಿ ಆಗಿದ್ದರೂ, ದೂರುದಾರ ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ತಾಳವಾಡಿಯವರಿಗೆ ಅದು ಈರೋಡು ಜಿಲ್ಲೆ. ಆದರೆ ದೂರು ನಿಲ್ಲುವುದು ದಾಖಲೆಯ ಮೇಲೆ, ಬಾಯಿಮಾತಿನ ಮೇಲಲ್ಲ.

1956ರಲ್ಲಿ ರಾಜ್ಯಗಳ ಗಡಿ ಗೀಚಿದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದ್ರಾಸಿನಲ್ಲಿ ಉಳಿಯಿತು. ಮನೆಯ ಮಾತು ಕನ್ನಡ, ಕಚೇರಿಯ ಮಾತು ತಮಿಳು. ಅದರ ಮೇಲೆ ಗಾಡಿಯ ಕೈಪಿಡಿ ಇಂಗ್ಲಿಷು. ಇಲ್ಲಿನ ಕನ್ನಡ ಶಾಲೆಗಳಲ್ಲಿ ಓದಿದ ಎಷ್ಟೋ ಹುಡುಗರಿಗೆ ಗಾಡಿ ಕೆಲಸದಲ್ಲಿ ಒಳ್ಳೆಯ ಕೈಯಿದೆ, ಚುರುಕು ಬುದ್ಧಿಯಿದೆ. ವೋಲ್ಟೇಜ್ ಇಳಿತ ಅಳೆಯುವುದನ್ನು, ವೈರಿಂಗ್ ಚಿತ್ರ ಓದುವುದನ್ನು, ಕೋಡನ್ನು ಅರ್ಥಮಾಡಿಕೊಳ್ಳುವುದನ್ನು ಅವರಿಗೆ ಕನ್ನಡದಲ್ಲಿ ಕಲಿಸುವ ಪುಸ್ತಕಗಳು, ತರಬೇತಿಗಳು ಬರಬೇಕು. ಎರಡೂ ರಾಜ್ಯಗಳ ಐಟಿಐಗಳು ಗಡಿಯ ಮಕ್ಕಳನ್ನು ನೆನೆದು ಮಾಡಬೇಕಾದ ಕೆಲಸ ಇದು.

ಅಲ್ಲಿಯವರೆಗೆ ಮಾಲೀಕರ ಕೈಯಲ್ಲಿರುವ ಕೆಲಸವೂ ಸಣ್ಣದಲ್ಲ. ಟಿಸಿಎಂ ಬದಲಿಸಬೇಕು ಎಂದವರನ್ನು ಗೌರವದಿಂದಲೇ ಕೇಳಿ: “ಅಣ್ಣ, ಬ್ಯಾಟರಿ ಎಷ್ಟು ತೋರಿಸ್ತು? ಲೋಡ್ ಕೊಟ್ಟಾಗ ಕಪ್ಲರ್‌ಗೆ ಎಷ್ಟು ಬಂತು? ಅರ್ತ್ ಎಷ್ಟು? ಕ್ಯಾನ್ ಎಷ್ಟು ಓಮು?” ಈ ನಾಲ್ಕು ಅಂಕಿಗಳನ್ನೂ ಮೊದಲು ಸಿಕ್ಕ ಕೋಡುಗಳನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಬಿಚ್ಚಿದ ಹಳೆಯ ಪೆಟ್ಟಿಗೆಯನ್ನು ಕೇಳಿ ಪಡೆದುಕೊಳ್ಳಿ. ಅಳತೆ ಮಾಡಿದವನಿಗೆ ಅದರ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಿ. ದೋಷ ಹುಡುಕಿದ ಶ್ರಮಕ್ಕೆ ಬೆಲೆ ಕೊಡುವ ಊರಿನಲ್ಲಿ ಹುಡುಕಬಲ್ಲ ಮೆಕ್ಯಾನಿಕ್ಕುಗಳು ಬೆಳೆಯುತ್ತಾರೆ. ಬಿಡಿಭಾಗಕ್ಕೆ ಮಾತ್ರ ದುಡ್ಡು ಕೊಡುವ ಊರಿನಲ್ಲಿ ಬಿಡಿಭಾಗ ಮಾರುವವರಷ್ಟೇ ಉಳಿಯುತ್ತಾರೆ.